ಘಡಿ ಗಿರಮಲ್ಲಪ್ಪ ಮತ್ತು ಕ್ಲಬ್ಬಿನ ಬಿಳಿ ಬಿಲ್ಲೆಗಳು

ಬನಹಟ್ಟಿಯಲ್ಲಿ ಸೀರೆ ನೇಯ್ದವನ ಹೆಸರನ್ನೇ ಯಾರೂ ಕೇಳುವುದಿಲ್ಲ. ಇನ್ನು ನೇಯ್ದ ಸೀರೆಗೆ ಘಡಿ ಹಾಕಿದವನ ಹೆಸರು ಯಾರಿಗೆ ಬೇಕು? ಗಿರಮಲ್ಲಪ್ಪ ಹೊಸೂರ ಮೀಸೆ ಮೂಡುವ ಮೊದಲಿನಿಂದ ಮಾಡಿಕೊಂಡು ಬಂದದ್ದು ಆ ಘಡಿಯ ಕೆಲಸವನ್ನೇ. ಮಗ್ಗದಿಂದ ಇಳಿದ ಸೀರೆ ಅವನ ಮನೆಯ ಪಡಸಾಲೆಗೆ ಬರುತ್ತಿತ್ತು. ಅದನ್ನು ನೆಲಕ್ಕೆ ಹಾಸಿ, ಅಂಚಿಗೆ ಅಂಚು ಕೂಡಿಸಿ, ಸೆರಗು ಮೇಲೆ ಕಾಣುವಂತೆ ಮಡಚಿ, ನಡುನಡುವೆ ರಟ್ಟು ಇಟ್ಟು ತಿರುಪಿನ ಮಣೆಯಡಿ ಒತ್ತಿಗೆ ಹಾಕುತ್ತಿದ್ದ. ಮಣೆ ಎಂದರೆ ಎರಡು ದಪ್ಪ ಹಲಗೆ, ಅವುಗಳ ಮೇಲೆ ಕಬ್ಬಿಣದ ತಿರುಪು. ಅವನ ಅಪ್ಪ ಮಾಡಿಸಿದ್ದು. ಮರುದಿನ ಆ ಸೀರೆ ಹೊರಗೆ ಬಂದರೆ ಮೈಮೇಲೆ ಒಂದು ಸುಕ್ಕು ಇರುತ್ತಿರಲಿಲ್ಲ. ಆಮೇಲೆ ವ್ಯಾಪಾರಿ ಬಂದು ಅದರ ಮೇಲೆ ತನ್ನ ಅಂಗಡಿಯ ಹೆಸರಿನ ಬಂಗಾರ ಬಣ್ಣದ ಚೀಟಿ ಅಂಟಿಸಿಕೊಂಡು ಒಯ್ಯುತ್ತಿದ್ದ.

ಒಮ್ಮೆ ಮುಧೋಳದಲ್ಲಿ ನೆಂಟರ ಮದುವೆ. ಹೆಣ್ಣಿನ ಕಡೆಯವರು ಬೀಗರಿಗೆ ತೋರಿಸಲೆಂದು ಸೀರೆಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟಿದ್ದರು. ಗಿರಮಲ್ಲಪ್ಪ ಬಗ್ಗಿ ನೋಡಿದವನು ಒಂದರ ಮೇಲೆ ಬೆರಳಿಟ್ಟು, "ಇದು ನನ್ನ ಘಡಿ ನೋಡ್ರಿ. ಈ ಮೂಲಿ ಹಿಂಗ ಕೂಡಬೇಕಂದ್ರ ನನ್ನ ಕೈನ ಆಗಬೇಕು" ಎಂದುಬಿಟ್ಟ. ಅಲ್ಲಿದ್ದ ಹೆಂಗಸರು ಮೊದಲು ಅವನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಒಬ್ಬಾಕೆ, "ಮಡಿಚಿದ್ದಕ್ಕೂ ಹೆಸರ ಏನ ಯಣ್ಣಾ? ಹಂಗಾರ ನಮ್ಮನಿ ಕಪಾಟಿಗೆಲ್ಲಾ ನನ್ನ ಹೆಸರ ಬರಸಬೇಕ ಬಿಡು" ಎಂದಳು. ಹೇಳಿದವಳು ಮರೆತಳು. ಇವನು ಮರೆಯಲಿಲ್ಲ. ಊಟಕ್ಕೂ ಕೂಡದೆ ಬಸ್ಸು ಹತ್ತಿದ. ಅಂದಿನಿಂದ ಅವನಿಗೆ ಒಂದೇ ಹಂಬಲ. ತಾನು ಮಾಡಿದ ಯಾವುದಾದರೂ ಒಂದು ಕೆಲಸದ ಕೆಳಗೆ ತನ್ನ ಹೆಸರು ಇರಬೇಕು, ನಾಲ್ಕು ಮಂದಿ ಓದಬೇಕು. ಬೇರೆಯವರಿಗೆ ಇದು ಹುಚ್ಚು ಎನಿಸಬಹುದು. ತಮ್ಮ ಹೆಸರನ್ನು ಗೋಡೆ ಮೇಲೆ, ಗಾಡಿ ಮೇಲೆ, ಮಗ್ಗದ ಶೆಡ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಕೊಂಡವರಿಗೆ ಇನ್ನೊಬ್ಬನ ಹಂಬಲ ಹುಚ್ಚಾಗಿಯೇ ಕಾಣುತ್ತದೆ.

ಅವನ ಹೆಂಡತಿ ತಾರವ್ವ ಬೀಳಗಿ ಕಡೆಯ ಒಕ್ಕಲು ಮನೆತನದವಳು. ನೇಕಾರರ ರೀತಿ ರಿವಾಜು ಒಂದೂ ತಿಳಿಯದೆ ಬಂದವಳಿಗೆ ಎಲ್ಲವನ್ನೂ ಕಲಿಸಿದ್ದು ಅತ್ತೆ. ಅದರಲ್ಲಿ ಒಂದು ಇದು: ಮನೆಯಲ್ಲಿ ಕೈಯಾಡಿಸಿದ ಸೀರೆ ಬರಿದಾಗಿ ಹೊಸ್ತಿಲು ದಾಟಬಾರದು, ಮೂಲೆಗೊಂದು ಅರಿಸಿನದ ಬೊಟ್ಟು ಮುಟ್ಟಿಸಿಯೇ ಕಳಿಸಬೇಕು. ಬೊಟ್ಟು ಕಾಣಬೇಕು, ಆದ್ದರಿಂದ ಬಣ್ಣ ತಿಳಿಯಾಗಿರುವ ಕಡೆ ಹಚ್ಚಬೇಕು. ಅತ್ತೆ ಸತ್ತ ಮೇಲೂ ತಾರವ್ವ ಅದನ್ನು ಒಂದು ದಿನ ತಪ್ಪಿಸಿದವಳಲ್ಲ. ವ್ಯಾಪಾರಿಗಳಿಗೂ ಅದು ಗೊತ್ತಿತ್ತು, ಯಾರೂ ತಕರಾರು ಮಾಡುತ್ತಿರಲಿಲ್ಲ.

ಪವರ್‌ಲೂಮಿನ ಸೀರೆಗಳಿಗೆ ಘಡಿ ಹಾಕುವ ಯಂತ್ರ ಬಂದ ಮೇಲೆ ಗಿರಮಲ್ಲಪ್ಪನ ಪಡಸಾಲೆ ಖಾಲಿ ಬಿತ್ತು. ಕೈಮಗ್ಗದ ಒಂದೆರಡು ಮನೆಯವರು ಹಳೆಯ ಬಳಕೆಯ ಮೇಲೆ ಬರುತ್ತಿದ್ದರು, ಅಷ್ಟೆ. ತಾರವ್ವ ಬದಿಯ ಮಗ್ಗದ ಶೆಡ್ಡಿಗೆ ಕಂಡಿಕೆಗೆ ನೂಲು ಸುತ್ತಲು ಹೋಗತೊಡಗಿದಳು. ಇವನು ಖಾಲಿ ಮಣೆಯ ತಿರುಪಿಗೆ ಎಣ್ಣೆ ಬಿಟ್ಟುಕೊಂಡು ಕೂಡುತ್ತಿದ್ದ.

ಹಾಗೆ ಕೂತಿದ್ದಾಗ ಜಮಖಂಡಿಯಿಂದ ರಾಜೇಶ್ವರಿ ಮೇಡಂ ಬಂದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹಳೆಯ ಆಟದ ಸಾಮಾನುಗಳನ್ನು ಕೂಡಿಸುವುದು ಅವರ ಚಟ: ಪಗಡೆಯ ಕಾಯಿ, ಚದುರಂಗದ ಆನೆ, ದುಂಡನೆಯ ಇಸ್ಪೀಟು ಎಲೆ, ಹೀಗೆ. ಅವರ ತಂದೆ ರಾಜರ ಕಾಲದಲ್ಲಿ ಅಧಿಕಾರಿಗಳ ಒಂದು ಕ್ಲಬ್ಬಿನಲ್ಲಿ ಗುಮಾಸ್ತರಾಗಿದ್ದರಂತೆ. ಕ್ಲಬ್ಬು ಮುಚ್ಚಿದಾಗ ಅಲ್ಲಿಯ ಜೂಜಿನ ಬಿಲ್ಲೆಗಳ ಪೆಟ್ಟಿಗೆಯನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಆಟಕ್ಕೆ ಕೂತವರು ಹಣದ ಬದಲು ಈ ಬಿಲ್ಲೆಗಳನ್ನು ಮುಂದೆ ತಳ್ಳುತ್ತಿದ್ದರು. ಜೇಡಿಮಣ್ಣಿಗೆ ಇನ್ನೇನೋ ಬೆರೆಸಿ ವಿಲಾಯತಿಯಲ್ಲಿ ಮಾಡಿಸಿದವು, ರೂಪಾಯಿಗಿಂತ ತುಸು ದೊಡ್ಡವು. ಮುಖದ ಮೇಲೆ ಕುದುರೆಯ ತಲೆ, ಅದರ ಹಿಂದೆ ಮೂಡುವ ಸೂರ್ಯ. ಕೆಂಪು, ನೀಲಿ ಬಹಳ ಇದ್ದವು. ಬಿಳಿಯವು ಒಂದು ಬೊಗಸೆಯಷ್ಟು ಮಾತ್ರ. ಬಿಳಿಯವು ಆ ಆಟದ ಅತಿ ಹೆಚ್ಚು ಬೆಲೆಯ ಬಿಲ್ಲೆಗಳು, ಅಂಥವು ಇನ್ನೆಲ್ಲೂ ಉಳಿದಿಲ್ಲ ಎಂದು ಮೇಡಂ ಹೇಳಿದರು. ತಗಡಿನ ಮಾಡಿನಡಿ ಅಟ್ಟದ ಮೇಲೆ ವರ್ಷಾನುಗಟ್ಟಲೆ ಬಿದ್ದು ಬಿಸಿಲ ಕಾವಿಗೆ ಎಲ್ಲವೂ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು, ಕೆಲವು ಒಡೆದೂ ಇದ್ದವು.

"ನಿಮ್ಮ ಕೈಯಾಗ ನೆಟ್ಟಗಾಗತಾವ ಅಂತ ಸೀರಿ ಅಂಗಡಿಯವರು ಹೇಳ್ಯಾರ. ಮೊದಲ ಒಡದು ಹೋಗಿದ್ದ ತಗೊಂಡ ನೋಡ್ರಿ. ಬಂದ್ರ ಬರಲಿ" ಎಂದರು ಮೇಡಂ.

ಒಡೆದವುಗಳ ಮೇಲೆ ಗಿರಮಲ್ಲಪ್ಪ ಬಹಳ ದಿನ ಕೈ ಪಳಗಿಸಿದ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಸುತ್ತಿಟ್ಟರೆ ಬಿಲ್ಲೆ ಹದವಾಗಿ ಮೆತ್ತಗಾಗುತ್ತಿತ್ತು. ಆಗಲೇ ಮಣೆಗೆ ಹಾಕಿ ಬಿಗಿ ತಿರುವಿದರೆ ಕುದುರೆಯ ಮುಖವೇ ಅಳಿಸಿಹೋಗುತ್ತಿತ್ತು. ಬರೀ ಹಲಗೆಯ ಭಾರಕ್ಕೆ ಬಿಟ್ಟು, ಅದು ತಣ್ಣಗಾಗುತ್ತ ಹೋದಂತೆ ತಿರುಪನ್ನು ಸ್ವಲ್ಪ ಸ್ವಲ್ಪವೇ ಕೂಡಿಸುತ್ತ ಬಂದರೆ, ಚಿತ್ರ ಹಾಗೇ ಉಳಿದು ಬಿಲ್ಲೆ ನೆಟ್ಟಗಾಗುತ್ತಿತ್ತು. ಅವಸರ ಮಾಡಬಾರದು, ಅದೊಂದೇ ಗುಟ್ಟು. ಇದನ್ನು ತಿಳಿದುಕೊಳ್ಳುವಷ್ಟರಲ್ಲಿ ಒಡೆದ ಬಿಲ್ಲೆಗಳೆಲ್ಲ ಪುಡಿಯಾದವು. ಆದರೆ ತಿಳಿದ ಮೇಲೆ ಕೆಂಪು, ನೀಲಿ ಬಿಲ್ಲೆಗಳಲ್ಲಿ ಒಂದೂ ಕೆಡಲಿಲ್ಲ. ತಾರವ್ವ ಅವನ್ನು ಒಂದು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಗಂಟಿಗೆ ಅರಿಸಿನ ಹಚ್ಚಿ ಕೊಟ್ಟಳು. ಮೇಡಂ ಗಾಜಿನ ಮೇಲೆ ಒಂದೊಂದನ್ನೇ ಇಟ್ಟು ಬೆರಳಿನಿಂದ ಒತ್ತಿ ನೋಡಿದರು. ಒಂದೂ ಅಲುಗಾಡಲಿಲ್ಲ.

"ಗಿರಮಲ್ಲಪ್ಪ, ಚಳಿಗಾಲದಾಗ ಜಮಖಂಡ್ಯಾಗ ಪ್ರದರ್ಶನ ಇಡಾಕತ್ತೇನಿ. ಬಿಳಿ ಬಿಲ್ಲೆನೂ ಹಿಂಗ ಬಂದ್ರ, ಅದರ ಕೆಳಗ ನಿಮ್ಮ ಹೆಸರ ಹಾಕಸ್ತೇನಿ. ಗಿರಮಲ್ಲಪ್ಪ ಹೊಸೂರ, ಬನಹಟ್ಟಿ ಅಂತ."

ಈ ಮಾತು ಕೇಳಿದ ಮೇಲೆ ಅವನ ನಿದ್ದೆ, ಊಟದ ಲೆಕ್ಕವೆಲ್ಲ ತಪ್ಪಿತು. ಬಂದವರಿಗೆ, ಹೋದವರಿಗೆ, ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಹೇಳಿದ. ತಾರವ್ವನಿಗಂತೂ ದಿನಕ್ಕೆ ಹತ್ತು ಸಲ ಹೇಳಿದ. ಅವಳು ಮಹಿಳಾ ಸಂಘದಲ್ಲಿ ಅಕ್ಷರ ಕಲಿತವಳು, ಬಸ್ಸಿನ ಬೋರ್ಡು, ಮನೆಯವರ ಹೆಸರು ಇಷ್ಟನ್ನು ಕೂಡಿಸಿಕೊಂಡು ಓದುತ್ತಿದ್ದಳು. "ನಿಮ್ಮ ಹೆಸರಾದ್ರ ನಾನೂ ಓದತೇನಿ. ದಪ್ಪ ಬರಸಾಕ ಹೇಳ್ರಿ" ಎಂದಳು. ಅವನಿಗೆ ಹೆಸರು ಬರುವುದು ಅವಳಿಗೂ ಹಬ್ಬವೇ ಆಗಿತ್ತು.

ಬಿಳಿ ಬಿಲ್ಲೆಗಳ ಜೊತೆ ಮೇಡಂ ಒಂದು ಪೆಟ್ಟಿಗೆಯನ್ನೂ ಕಳಿಸಿದ್ದರು. ಒಳಗೆ ಮಖಮಲ್ಲು, ಮೇಲೆ ಗಾಜಿನ ಮುಚ್ಚಳ. ನೆಟ್ಟಗಾದ ಬಿಲ್ಲೆಗಳನ್ನು ಅದರೊಳಗೇ ಕೂಡಿಸಿಡಬೇಕೆಂದೂ ತಾವೇ ಬಂದು ಒಯ್ಯುವುದಾಗಿಯೂ ಹೇಳಿದ್ದರು. ಗಿರಮಲ್ಲಪ್ಪ ಉಸಿರು ಬಿಗಿಹಿಡಿದು ಕೆಲಸ ಮುಗಿಸಿದ. ಬಿಲ್ಲೆಗಳು ಮಾಡಿದ ದಿನದಂತೆ ನೆಟ್ಟಗಾಗಿ ಮಖಮಲ್ಲಿನ ಮೇಲೆ ಕೂತವು. ಮೇಡಂ ನಾಡಿದ್ದು ಬರುವವರಿದ್ದರು. ಅವನು ಗಡ್ಡ ಮಾಡಿಸಿಕೊಳ್ಳಲು ಪೇಟೆಗೆ ಹೋದ.

ತಾರವ್ವ ಶೆಡ್ಡಿನಿಂದ ಬಂದು ಕೈಕಾಲು ತೊಳೆದುಕೊಂಡು, ಪೆಟ್ಟಿಗೆಯ ಮುಂದೆ ಕೂತಳು. ಈ ಸಲ ಗಂಟು ಇಲ್ಲ, ಬಟ್ಟೆ ಇಲ್ಲ. ಗಾಜಿಗೆ ಹಚ್ಚಿದರೆ ಅರಿಸಿನ ನಿಲ್ಲುವುದಿಲ್ಲ. ಮಖಮಲ್ಲು ಕಪ್ಪು, ಅದರ ಮೇಲೆ ಕಾಣುವುದಿಲ್ಲ. ಗಂಡನ ಹೆಸರು ತರುವ ವಸ್ತು ಬರಿದಾಗಿ ಹೋಗುವುದಂತೂ ಆಗದ ಮಾತು. ಆಕೆ ಬೆರಳ ತುದಿಗೆ ಅರಿಸಿನ ಕಲಸಿಕೊಂಡು ಒಂದೊಂದು ಬಿಳಿ ಬಿಲ್ಲೆಯ ಅಂಚಿಗೂ ಚಿಕ್ಕ ಚಿಕ್ಕ ಬೊಟ್ಟು ಇಟ್ಟಳು. ಚಂದ ಕಂಡವು. ಮುಚ್ಚಳ ಮುಚ್ಚಿ ಕೈಮುಗಿದಳು.

ಗಿರಮಲ್ಲಪ್ಪ ಬಂದು ನೋಡಿದ. ನೀರು, ಬಟ್ಟೆ, ಸೋಪು ಎಲ್ಲ ಆಯಿತು. ಹಸಿ ಮಣ್ಣಿನಂಥ ಬಿಲ್ಲೆ ಅರಿಸಿನವನ್ನು ಕುಡಿದು ಕೂತಿತ್ತು.

"ಏನ ಮಾಡೀದಿಲೇ ಇದು? ನಿನ್ನ ಕೈಗೆ ಏನ ಬಂದಿತ್ತು? ಜೀವಮಾನ ಪೂರ್ತಿ ಮಂದಿ ಹೆಸರಿನ ಸೀರಿ ಮಡಚಿನಿ. ಒಂದ ಸಲ ನನ್ನ ಹೆಸರ ಬರೂದಿತ್ತು. ಅದನ್ನೂ ತಿಂದಿ. ಒಕ್ಕಲಗಿತ್ತಿ ನೀ, ನಿನಗೇನ ಗೊತ್ತ ಕೆಲಸದ ಬೆಲಿ."

"ಅತ್ತಿಯವರು ಕಲಿಸಿದ್ದನ್ನ ಮಾಡೇನ್ರಿ."

"ನಮ್ಮವ್ವನ ಹೆಸರ ತಗೀಬ್ಯಾಡ."

ತಾರವ್ವ ಅಳಲಿಲ್ಲ. "ಮೇಡಂಗ ಒಂದ ಮಾತ ಫೋನ್ ಮಾಡಿ ಕೇಳ್ರಿ. ಅವರು ಏನಂತಾರ ನೋಡೂಣು. ಅಲ್ಲೀತನಕ ಮುಟ್ಟಬ್ಯಾಡ್ರಿ" ಎಂದಳು. ಇಡೀ ಮನೆಯಲ್ಲಿ ಬುದ್ಧಿಯ ಮಾತು ಆಡಿದವಳು ಅವಳೊಬ್ಬಳೇ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಹೆಂಡತಿಯ ಬುದ್ಧಿ ಎಂದಾದರೂ ಕಿವಿಗೆ ಬಿದ್ದದ್ದುಂಟೇ? ಅರಿಸಿನ ಬಿಸಿಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಸೀರೆಗಳ ಕಲೆಯನ್ನು ಹಾಗೆಯೇ ಎಷ್ಟು ಸಲ ತೆಗೆದಿದ್ದ. ಮರುದಿನ ಬಿಸಿಲು ಏರುತ್ತಿದ್ದಂತೆ ಬಿಲ್ಲೆಗಳನ್ನು ಮಾಳಿಗೆಗೆ ಒಯ್ದು ಬಿಳಿ ಬಟ್ಟೆಯ ಮೇಲೆ ಹರಡಿದ. ತಾರವ್ವ ಶೆಡ್ಡಿಗೆ ಹೋದಳು.

ಅವನು ಅಲ್ಲಿಂದ ಕದಲಲಿಲ್ಲ. ಟವೆಲ್ಲು ತಲೆಗೆ ಹಾಕಿಕೊಂಡು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಹಳದಿ ತಿಳಿಯಾಗುತ್ತಿತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟರೆ ಪೂರಾ ಹೋಗುತ್ತದೆ ಎಂದುಕೊಂಡ. ಬೊಟ್ಟನ್ನೇ ನೋಡಿದ, ಬೊಟ್ಟನ್ನಷ್ಟೇ ನೋಡಿದ. ಬಿಲ್ಲೆ ಕಡೆ ಅವನ ಕಣ್ಣು ಹೋಗಲೇ ಇಲ್ಲ. ಬಿಸಿಲಿಗೇ ಸೊಟ್ಟಗಾದ ವಸ್ತುವನ್ನು ತಿಂಗಳುಗಟ್ಟಲೆ ತಿದ್ದಿದವನು ತನ್ನ ಕೈಯಾರೆ ಅದನ್ನು ಮತ್ತೆ ಬಿಸಿಲಿಗೆ ಇಟ್ಟುಕೊಂಡು ಕೂತಿದ್ದಾನೆ ಎಂದರೆ ಏನು ಹೇಳಬೇಕು. ಮಧ್ಯಾಹ್ನಕ್ಕೆ ಹಳದಿ ಹೋಯಿತು. ಎತ್ತಲು ಹೋದರೆ ಬಿಲ್ಲೆಗಳು ಅಂಗೈಯಲ್ಲಿ ಬಟ್ಟಲಿನ ಹಾಗೆ ಕೂತವು.

ಆಗಲಾದರೂ ನೆರಳಿಗೆ ತಂದು ತಣ್ಣಗಾಗಲು ಬಿಟ್ಟು, ಮತ್ತೆ ಮೊದಲಿನಿಂದ ಸಾವಕಾಶ ಮಾಡಿದ್ದರೆ ಉಳಿಯುತ್ತಿದ್ದವೇನೋ. ನಾಳೆ ಮೇಡಂ ಬರುತ್ತಾರೆ ಎಂಬ ಭಯ ಅವನನ್ನು ಬಿಡಲಿಲ್ಲ. ಬಿಸಿ ಬಿಸಿ ಇದ್ದಾಗಲೇ ಮಣೆಯೊಳಗೆ ಜೋಡಿಸಿ, ಎರಡೂ ಕೈಯಿಂದ ತಿರುಪು ಹಿಡಿದು ಬಿಗಿದ. ಒಳಗೆ ಒಂದು ಸಣ್ಣ ಸಪ್ಪಳವಾಯಿತು. ಅದು ಏನು ಎಂದು ಅವನಿಗೆ ತಿಳಿದರೂ ಕೈ ನಿಲ್ಲಿಸಲಿಲ್ಲ. ತೆಗೆದು ನೋಡಿದಾಗ ಎರಡು ಬಿಲ್ಲೆ ಸೀಳಿದ್ದವು. ಉಳಿದವು ನೆಟ್ಟಗಿದ್ದವು, ಆದರೆ ಅವುಗಳ ಮೇಲೆ ಕುದುರೆಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ.

ಮರುದಿನ ಮೇಡಂ ಬಂದಾಗ ತಾರವ್ವ ಕಂಡಿಕೆ ಸುತ್ತುವ ಕೆಲಸಕ್ಕೆ ಹೋಗಿದ್ದಳು. ಗಿರಮಲ್ಲಪ್ಪ ನಡೆದದ್ದನ್ನೆಲ್ಲ ಹೇಳಿದ. ಅಷ್ಟರ ಮಟ್ಟಿಗೆ ಅವನು ಸುಳ್ಳುಗಾರನಲ್ಲ. ಮೇಡಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಬಿಲ್ಲೆಯನ್ನೂ ಬೆರಳಿನಿಂದ ಸವರಿ ನೋಡಿದರು. ಆ ಬಿಲ್ಲೆಗಳು ಅವರ ತಂದೆ ಕೈಯಾಡಿಸಿದವು. ಅವರ ದುಃಖವೂ ಸಣ್ಣದಲ್ಲ.

"ಅರಿಷಿಣ ಇದ್ರ ಏನಾಗತಿತ್ತು ಗಿರಮಲ್ಲಪ್ಪ? ನಾ ಹಂಗ ಇಡತಿದ್ದೆ. ಬನಹಟ್ಟಿ ನೇಕಾರ ಮನಿಂದ ಬಂದದ್ದರ ಗುರತು ಅಂತ ಮಂದಿಗೆ ಹೇಳತಿದ್ದೆ. ನಿಮ್ಮ ಹೆಸರಿನ ಜೋಡಿ ತಾರವ್ವನವರ ಹೆಸರೂ ಹಾಕಸ್ತಿದ್ದೆ" ಎಂದರು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು, ಚಹಾ ಮುಟ್ಟದೆ ಹೊರಟುಹೋದರು.

ಸಂಜೆ ತಾರವ್ವ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಏನಂದ್ರು?"

ಗಿರಮಲ್ಲಪ್ಪ ಗೋಡೆಯ ಕಡೆ ನೋಡಿ, "ಏನ ಅಂತಾರ. ಅರಿಷಿಣ ಹತ್ತಿದ್ದಕ್ಕ ಕೆಟ್ಟೂ ಅಂದ್ರು" ಎಂದ.

ಹೀಗೆ ಹೇಳಿದ್ದನ್ನು ನಾನು ಮುಚ್ಚಿಟ್ಟು ಅವನನ್ನು ಒಳ್ಳೆಯವನನ್ನಾಗಿ ಮಾಡಲಾರೆ. ಮೇಡಂ ಎದುರಿಗೆ ಖರೆ ಹೇಳಿದ ಬಾಯಿಯೇ ಹೆಂಡತಿಯ ಎದುರಿಗೆ ಸುಳ್ಳು ಹೇಳಿತು. ಪರರ ಮುಂದೆ ತಲೆ ತಗ್ಗಿಸುವುದು ಸುಲಭ. ದಿನಾ ರೊಟ್ಟಿ ಬಡಿದು ಹಾಕುವವಳ ಮುಂದೆ ತಗ್ಗಿಸುವುದು ಇವನಂಥವರಿಗೆ ಜೀವ ಹೋದಂತೆ. ತಾರವ್ವ ನಂಬಿದಳು. ನಂಬಿದ್ದಷ್ಟೇ ಅಲ್ಲ, ಯಾರಾದರೂ ಬಿಲ್ಲೆಯ ಸುದ್ದಿ ಎತ್ತಿದರೆ ತಾನೇ ಮುಂದಾಗಿ, "ಅವರ ಕೆಲಸ ಛಲೋನ ಇತ್ತವ್ವಾ. ನಾನ ಕೆಡಿಸಿದೆ. ಹೆಸರ ಬರೂದಿತ್ತು, ನನ್ನಿಂದ ತಪ್ಪಿತು" ಎನ್ನುತ್ತಿದ್ದಳು. ಇವನು ಕೇಳಿಸಿಕೊಂಡೂ ಕೇಳಿಸದಂತೆ ಇರುತ್ತಿದ್ದ. ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ಘಡಿಗೆ ಬಂದ ಸೀರೆಗಳನ್ನು ಈಗ ಅವಳು ಮುಟ್ಟುತ್ತಲೂ ಇರಲಿಲ್ಲ, ದೂರದಿಂದ ದಾಟಿಕೊಂಡು ಹೋಗುತ್ತಿದ್ದಳು.

ಚಳಿ ಬಿದ್ದ ಮೇಲೆ ಜಮಖಂಡಿಯ ಪ್ರದರ್ಶನದ ಸುದ್ದಿ ಬಂತು. ಗಿರಮಲ್ಲಪ್ಪನಿಗೆ ಹೋಗುವ ಮನಸ್ಸಿರಲಿಲ್ಲ. ತಾರವ್ವ ಬಿಡಲಿಲ್ಲ. "ಕೆಂಪು, ನೀಲಿ ನೀವ ಮಾಡಿದ್ದಲ್ಲೇನ? ಅವನ್ನಾರ ಇಟ್ಟಿರತಾರ. ಅದರ ಕೆಳಗ ಹಾಕಿರಬಹುದು. ನೋಡಿ ಬರೂಣ್ರಿ" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಒಂದು ಆಸೆ ಹೇಳಿದ್ದಳು. ಇಲ್ಲ ಎನ್ನುವ ಮುಖ ಅವನಿಗಿರಲಿಲ್ಲ. ತಾರವ್ವ ಮದುವೆಮುಂಜಿಗೆ ಉಡುವ ಸೀರೆ ಉಟ್ಟಳು. ಇಬ್ಬರೂ ಬಸ್ಸಿನಲ್ಲಿ ಹೋದರು.

ಪ್ರದರ್ಶನದ ಸಭಾಂಗಣದಲ್ಲಿ ಸಾಲೆ ಮಕ್ಕಳ ಗದ್ದಲ. ಮೇಡಂ ಯಾರೋ ದೊಡ್ಡವರ ಜೊತೆ ಆ ತುದಿಯಲ್ಲಿದ್ದರು. ಕೆಂಪು, ನೀಲಿ ಬಿಲ್ಲೆಗಳು ಗಾಜಿನ ಕೆಳಗೆ ಸಾಲಾಗಿ, ನೆಟ್ಟಗೆ, ಹೊಳೆಯುತ್ತ ಕೂತಿದ್ದವು. ಅವುಗಳ ಕೆಳಗಿನ ಫಲಕದಲ್ಲಿ ಕ್ಲಬ್ಬಿನ ಹೆಸರಿತ್ತು, ಕೊಟ್ಟವರ ಹೆಸರಿತ್ತು. ತಾರವ್ವ ಬಗ್ಗಿ ಅಕ್ಷರ ಕೂಡಿಸಿ ಕೂಡಿಸಿ ನೋಡಿದಳು. ಗಂಡನ ಹೆಸರು ಇರಲಿಲ್ಲ. ಅವಳು ಮುಂದಿನ ಮೇಜಿಗೆ ಸರಿದಳು.

ಅಲ್ಲಿ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಬಿಳಿ ಬಿಲ್ಲೆಗಳಿದ್ದವು. ಸೀಳಿದವನ್ನೂ ಜೋಡಿಸಿ ಇಟ್ಟಿದ್ದರು. ಗಿರಮಲ್ಲಪ್ಪ ಫಲಕ ಓದಿದ. ಫಲಕಗಳನ್ನು ಬರೆದವನು ಮೇಡಂ ಅವರ ಸಂಬಂಧಿಕ ಹುಡುಗನಂತೆ. ತಿಳಿದದ್ದನ್ನು ತಿಳಿದಂತೆ ಬರೆದಿದ್ದ, ಅವನ ಮೇಲೆ ಸಿಟ್ಟಾಗಲು ಕಾರಣವಿಲ್ಲ. ಮೇಲೆ ಸಣ್ಣ ಅಕ್ಷರದಲ್ಲಿ, ತಪ್ಪು ದುರಸ್ತಿಯಿಂದ ಅಪರೂಪದ ವಸ್ತುಗಳು ಹೇಗೆ ಹಾಳಾಗುತ್ತವೆ ಎಂಬುದಕ್ಕೆ ಉದಾಹರಣೆ, ವಿಪರೀತ ಶಾಖ ಮತ್ತು ಒತ್ತಡದಿಂದ ಮುದ್ರೆ ಸಂಪೂರ್ಣ ಅಳಿದಿದೆ, ಎಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ: ದುರಸ್ತಿ, ಗಿರಮಲ್ಲಪ್ಪ ಹೊಸೂರ, ಬನಹಟ್ಟಿ.

ಅವನು ತಿರುಗಿ ಹೊರಡಬೇಕು ಎನ್ನುವಷ್ಟರಲ್ಲಿ ತಾರವ್ವನ ಬೆರಳು ಆ ದಪ್ಪ ಅಕ್ಷರಗಳ ಮೇಲೆ ಬಂದಿತ್ತು. "ಗಿ... ರ... ಮಲ್ಲಪ್ಪ" ಎಂದು ಓದಿದಳು. ಮತ್ತೊಮ್ಮೆ ಓದಿದಳು. ಪಕ್ಕದಲ್ಲಿ ನಿಂತ ಯಾವುದೋ ಊರಿನ ಹೆಂಗಸಿಗೆ, "ನಮ್ಮ ಮನಿಯವರ ಹೆಸರವ್ವಾ" ಎಂದು ಹೇಳಿದಳು. ಆ ಹೆಂಗಸು ಫಲಕ ಓದಿ, ಗಿರಮಲ್ಲಪ್ಪನ ಮುಖ ನೋಡಿ, ಮುಂದೆ ಹೋದಳು.

"ಮ್ಯಾಲ ಸಣ್ಣದ ಏನ ಬರದಾರ್ರಿ? ನನಗ ಹತ್ತವಲ್ದು."

"ಹಳೇವನ್ನ ನೆಟ್ಟಗ ಮಾಡಿದವರು ಅಂತ ಬರದಾರ."

ತಾರವ್ವ ಪೆಟ್ಟಿಗೆಯೊಳಗೆ ಅರಿಸಿನದ ಕಲೆ ಹುಡುಕುತ್ತ ನಿಂತಳು, ಒಂದೂ ಇರಲಿಲ್ಲ. ಕಣ್ಣಿನಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಬೈಸಿಕೊಂಡ ದಿನವೂ ಅತ್ತವಳಲ್ಲ.

"ಹಂಗಾರ ನನ್ನಿಂದ ಏನೂ ಕೆಟ್ಟಿಲ್ಲಲ್ರಿ?"

ನಡೆದದ್ದನ್ನೆಲ್ಲ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಗಿರಮಲ್ಲಪ್ಪನಿಗೆ ಮತ್ತೆ ಸಿಗುವುದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಇಲ್ಲ. ನಿನ್ನಿಂದ ಏನೂ ಕೆಟ್ಟಿಲ್ಲ" ಎಂದ. ಅಷ್ಟು ಮಾತ್ರ ಎಂದ.

ತಾರವ್ವ ಸಂಘದ ಹೆಂಗಸರಿಗೆ ತೋರಿಸಬೇಕೆಂದು ತನ್ನ ಫೋನು ಅವನ ಕೈಗೆ ಕೊಟ್ಟು, ಹೆಸರಿನ ಫೋಟೋ ತೆಗೆಯಲು ಹೇಳಿದಳು. "ಮ್ಯಾಲಿನ ಸಣ್ಣ ಅಕ್ಷರಾನೂ ಬರಲಿ, ಸಂಘದಾಗ ಅಕ್ಷರ ಕಲಿಸೂ ಅನುರಾಧಾ ಎಲ್ಲಾರಿಗೂ ಓದಿ ಹೇಳತಾಳ" ಎಂದಳು. ಅವನು ಫೋನು ಹಿಡಿದುಕೊಂಡು ನಿಂತೇ ಇದ್ದ.